ಓನರ್ ಆಂಟಿಯ ಕತ್ತು ಮತ್ತು ವಿಯೆನ್ನಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜನ ಪಕ್ಕದ ಮನೆಯವರ ಕಾರು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ, ಷಡ್ಡಕನ ಸೈಟು ನೋಡಿ ಉರಿದುಕೊಳ್ಳುತ್ತಾರೆ. ನಾನು ಇಡೀ ಒಂದು ಊರನ್ನು ನೋಡಿ ಉರಿದುಕೊಂಡವನು. ಸರಿಯಾಗಿ ಹೇಳಬೇಕೆಂದರೆ, ನೋಡದೆಯೇ ಉರಿದುಕೊಂಡವನು. ಆ ಊರು ವಿಯೆನ್ನಾ. ಅದಕ್ಕೆ ಕಾರಣ ಹಲಸೂರಿನ ಒಬ್ಬ ಹೆಂಗಸಿನ ಕತ್ತು.

ಆ ಕತ್ತು ನಮ್ಮ ಓನರ್ ಆಂಟಿಯದು. ಗದ್ದ ಎದೆಗೆ ತಾಗುವಷ್ಟು ಮುಂದಕ್ಕೆ ಬಾಗಿ, ಹಿಂದುಗಡೆ ರವಿಕೆಯ ಅಂಚಿನ ಮೇಲೆ ಮೂಳೆಯೊಂದು ನಿಂಬೆಹಣ್ಣಿನ ಹಾಗೆ ಎದ್ದು ನಿಂತಿರುತ್ತಿತ್ತು. ಕಾಯಿಲೆ ಏನೂ ಅಲ್ಲ, ಅಭ್ಯಾಸ. ಮದುವೆಯಾಗಿ ಈ ಬೀದಿಗೆ ಬಂದ ದಿನದಿಂದ ಎಲ್ಲಿ ಕಲ್ಲು ಎದ್ದಿದೆ, ಎಲ್ಲಿ ಕೇಬಲ್ಲು ಸುತ್ತಿಕೊಂಡಿದೆ, ಎಲ್ಲಿ ಮೋರಿ ಬಾಯಿ ತೆರೆದಿದೆ ಅಂತ ನೆಲ ನೋಡಿಕೊಂಡೇ ನಡೆದವರು. ಹಾಗಾಗಿ ಬೀದಿಯ ಜನರ ಮುಖ ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ, ಚಪ್ಪಲಿಗಳು ಚೆನ್ನಾಗಿ ಗೊತ್ತಿದ್ದವು. "ಆ ಕಂದು ಸ್ಯಾಂಡಲ್ಲಿನವರ ಮಗಳಿಗೆ ಗಂಡು ಗೊತ್ತಾಯ್ತಂತೆ" ಅನ್ನುತ್ತಿದ್ದರು. ನಮ್ಮ ಅಮ್ಮ ಒಂದು ಕ್ಷಣ ಯೋಚಿಸಿ, "ಓ, ಮೂಲೆಮನೆಯವರಾ" ಅನ್ನುತ್ತಿದ್ದಳು.

ನಾವು ಅವರ ಮನೆಯ ಮೇಲಿನ ಮಹಡಿಯ ಬಾಡಿಗೆದಾರರು. ಇಂದಿರಾನಗರದ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳ ಬರ್ತ್‌ಡೇ ಪಾರ್ಟಿಗೆ ಮಿಮಿಕ್ರಿ ಮಾಡುವುದು ನನ್ನ ಕೆಲಸ. ಆದರೆ ನನ್ನ ಹೊಸ ಐಟಂಗಳೆಲ್ಲ ಮೊದಲು ಪ್ರದರ್ಶನ ಕಾಣುತ್ತಿದ್ದದ್ದು ಓನರ್ ಆಂಟಿಯ ಅಡುಗೆಮನೆ ಬಾಗಿಲಲ್ಲಿ. ಅವರು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದರು. ಕೊನೆಗೆ ತೀರ್ಪು. ಆಂಟಿಗೆ ಎಲ್ಲಕ್ಕೂ ದರ್ಜೆ ಕೊಡುವ ಚಟ. ಪುರೋಹಿತರ ಮಂತ್ರಕ್ಕೆ "ಸೆಕೆಂಡ್ ಕ್ಲಾಸು", ಅಮ್ಮನ ಬಿಸಿಬೇಳೆ ಬಾತಿಗೆ "ಡಿಸ್ಟಿಂಕ್ಷನ್", ನನಗೆ ಬಹುತೇಕ "ಜಸ್ಟ್ ಪಾಸು ಕಣೋ, ಮೀಸೆ ಬಂದಿರೋದಕ್ಕೆ ಗ್ರೇಸ್ ಮಾರ್ಕ್ಸು."

ಒಮ್ಮೆ ಗೇಟಿನ ಹೊರಗೆ ನಿಂತು ದಪ್ಪ ಗಂಟಲಲ್ಲಿ "ಮೇಡಂ, ಕೊರಿಯರ್! ಸೈನ್ ಮಾಡ್ಬೇಕು!" ಅಂತ ಕೂಗಿದೆ. ಒಳಗಿಂದ ಹೆಜ್ಜೆ ಸಪ್ಪಳ ಬಂತು, ಗೇಟಿನ ಹತ್ತಿರ ನಿಂತಿತು. ಕತ್ತು ಬಗ್ಗಿಯೇ ಇತ್ತಲ್ಲ, ಗೇಟಿನ ಕೆಳಗಿನ ಸಂದಿಯಲ್ಲಿ ನನ್ನ ಕಾಲು ಕಂಡಿರಬೇಕು.

"ಮೇಲಿನ ಮನೆ ಹವಾಯಿ ಚಪ್ಪಲಿ ಕೊರಿಯರ್ ಕಂಪನಿಗೆ ಯಾವಾಗ ಸೇರ್ತಪ್ಪಾ?"

ಇಂಥ ಪ್ರೇಕ್ಷಕಿಯನ್ನು ನನ್ನಿಂದ ಕಸಿದುಕೊಳ್ಳುತ್ತಿದ್ದದ್ದು ಒಂದು ಫೋನು. ಆಂಟಿಯ ಓರಗಿತ್ತಿ ವಿಯೆನ್ನಾದಲ್ಲಿದ್ದರು. ಅವರ ವಿಡಿಯೋ ಕಾಲ್ ಬಂತೆಂದರೆ ನನ್ನ ಆಟ ಅರ್ಧಕ್ಕೇ ನಿಲ್ಲುತ್ತಿತ್ತು. "ಇರೋ, ಆಮೇಲೆ ಕೂಗಾಡುವಂತೆ." ಪ್ರಪಂಚದಲ್ಲಿ ಯಾವ ಊರು ಬದುಕೋಕೆ ಚೆಂದ ಅಂತ ಪಟ್ಟಿಯೊಂದು ಬರುತ್ತದಲ್ಲ, ಅದು ಬಂದ ದಿನವಂತೂ ಕಾಲ್ ಬಂದೇ ಬರುತ್ತಿತ್ತು. "ಅಕ್ಕಾ, ನಮ್ಮೂರು ಈ ಸಲವೂ ಮೇಲಿದೆ ನೋಡಿ." ಆಂಟಿ "ಒಳ್ಳೇದಾಯ್ತಮ್ಮ" ಅನ್ನುತ್ತಿದ್ದರು. ಫೋನಿಟ್ಟ ಮೇಲೆ ಒಗ್ಗರಣೆಗೆ ಬೀಳುವ ಸಾಸಿವೆಯ ಸದ್ದೇ ಬೇರೆ ಇರುತ್ತಿತ್ತು.

ಅವರನ್ನು ನಗಿಸಲು ನಾನು ವಾರ್ತೆ ಓದುತ್ತಿದ್ದೆ. "ಮುಖ್ಯಾಂಶಗಳು. ಬದುಕಲು ಯೋಗ್ಯವಾದ ನಗರಗಳ ಪಟ್ಟಿಯಲ್ಲಿ ವಿಯೆನ್ನಾಗೆ ಕೊನೆಯ ಸ್ಥಾನ. ಸಾರಿಗೆ ನುಗ್ಗೇಕಾಯಿ ಸಿಗದಿರುವುದೇ ಕಾರಣ ಎಂದು ತಿಳಿದುಬಂದಿದೆ."

ಆಂಟಿ ನಕ್ಕು, ಕಣ್ಣೊರೆಸಿಕೊಂಡು, ಆಮೇಲೆ ಮೆಲ್ಲಗೆ ಕೇಳುತ್ತಿದ್ದರು. "ಸರಿ, ಈಗ ನಿಜವಾದ್ದು ತೆಗಿ. ನಮ್ಮೂರು ಎಲ್ಲಿದೆ?"

ನಾನು ಮೊಬೈಲು ಕೆಳಕ್ಕೆ ಉಜ್ಜುತ್ತಾ ಹೋಗುತ್ತಿದ್ದೆ.

"ಇನ್ನೂ ಕೆಳಗಾ?"

"ನೆಟ್ ಸ್ಲೋ, ಆಂಟಿ."

ಅವರ ಹೊಟ್ಟೆಯುರಿ ಅಲ್ಲಿನ ಅರಮನೆ, ಸಂಗೀತದ ಮೇಲೆ ಅಲ್ಲವೇ ಅಲ್ಲ. ಫುಟ್‌ಪಾತಿನ ಮೇಲೆ. ಮೊದಲೆಲ್ಲ ಸಂಜೆಯಾದರೆ ಹಲಸೂರು ಕೆರೆಯವರೆಗೆ ನಡೆದುಹೋಗಿ ಬರುತ್ತಿದ್ದರು. ಒಂದು ದಿನ ಎಡವಿ ಬಿದ್ದು ಮಂಡಿ ಊದಿದ ಮೇಲೆ ಅವರ ಊರು ಗೇಟಿಗೇ ಮುಗಿಯಿತು. ಬಿದ್ದದ್ದಾದರೂ ಎಲ್ಲಿ? ನಮ್ಮದೇ ಗೇಟಿನ ಮುಂದೆ, ಮೋರಿ ಮೇಲಿನ ಚಪ್ಪಡಿ ಕಲ್ಲಿನ ಮೇಲೆ.

ಆ ಕಲ್ಲಿನ ಬಗ್ಗೆ ಹೇಳಲೇಬೇಕು. ಅದು ಅಲ್ಲಾಡುತ್ತಿತ್ತು, ನಾವೆಲ್ಲ ಅದನ್ನು ಮುದ್ದು ಮಾಡುತ್ತಿದ್ದೆವು. ಯಾರೇ ಕಾಲಿಟ್ಟರೂ "ಗಡಕ್" ಅನ್ನುತ್ತಿತ್ತು. ಅಮ್ಮನದು ಒಂದು ಗಡಕ್, ಹಾಲಿನವರ ಸ್ಕೂಟರಿನದು ಗಡ-ಗಡಕ್. ಮನೆಗೆ ಕಾಲಿಂಗ್ ಬೆಲ್ಲೇ ಹಾಕಿಸಿರಲಿಲ್ಲ. ನಾನಂತೂ ಆ ಸದ್ದನ್ನು ಬಾಯಲ್ಲಿ ಮಾಡಿ, ಮನೆಯವರಿಂದೆಲ್ಲ ಸುಮ್ಮಸುಮ್ಮನೆ ಬಾಗಿಲು ತೆಗೆಸಿ ಬೇಸ್ತು ಬೀಳಿಸಿದ್ದೆ. ಬಿದ್ದ ಮೇಲೆ ಆಂಟಿ "ಗಾರೆಯವನನ್ನ ಕರೆಸಿಬಿಡೋಣ" ಅಂದರು. ನಾನೇ ವಕಾಲತ್ತು ಮಾಡಿದೆ. "ಆಂಟಿ, ಗೇಟಿನ ಒಳಗಿದ್ರೆ ನಮ್ಮದು, ಹೊರಗಿದ್ರೆ ಊರಿಂದು. ಊರಿನ ಕಲ್ಲು ನಾವ್ಯಾಕೆ ಮುಟ್ಟೋಣ?" ಎಲ್ಲರೂ ತಲೆ ಆಡಿಸಿದರು. ಆಂಟಿಯೂ "ಅದೂ ಸರಿನೇ" ಅಂದರು. ಮರುದಿನ ಬೆಳಿಗ್ಗೆ ಎಂದಿನಂತೆ ಅದೇ ಕಲ್ಲಿಗೆ ನೀರು ಹಾಕಿ, ಅದರ ಮೇಲೇ ರಂಗೋಲಿ ಬಿಟ್ಟರು.

ಇಷ್ಟರಲ್ಲಿ ಓರಗಿತ್ತಿ ಟಿಕೆಟ್ ಕಳಿಸಿದರು. ಆಂಟಿ ಹೊರಟೇಬಿಟ್ಟರು.

ನಾನು ದಿನಕ್ಕೊಂದು ವಿಯೆನ್ನಾ ಜೋಕು ಹೇಳಿಕೊಂಡು ಓಡಾಡಿದೆ. ಕೇಳೋರಿಲ್ಲ. ಅಮ್ಮ "ಆಂಟಿ ಬಂದ ಮೇಲೆ ಹೇಳೋ, ನನಗೆ ಸೀರಿಯಲ್ ಇದೆ" ಅಂದಳು. ಒಂದು ದಿನ ಅಲ್ಲಿಂದ ವಿಡಿಯೋ ಬಂತು. ಉದ್ದನೆಯ ಫುಟ್‌ಪಾತು, ಎರಡೂ ಕಡೆ ಮರ. ರೇಷ್ಮೆ ಸೀರೆ, ಅದರ ಮೇಲೆ ಯಾರದೋ ದೊಗಳೆ ಕೋಟು, ಕಾಲಿಗೆ ಬಿಳಿ ಶೂ ಹಾಕಿಕೊಂಡು ಒಬ್ಬ ಹೆಂಗಸು ಮರಗಳ ತುದಿ ನೋಡುತ್ತಾ ನಡೆದು ಬರುತ್ತಿದ್ದಾಳೆ. ಮೊದಲ ಸಲ ನನಗೆ ಗುರುತೇ ಸಿಗಲಿಲ್ಲ. ಎರಡನೇ ಸಲ ನೋಡಿದಾಗ ಗೊತ್ತಾಯಿತು, ಕತ್ತು ನೆಟ್ಟಗಾಗಿತ್ತು.

ಅಮ್ಮ "ಎಷ್ಟು ಲಕ್ಷಣವಾಗಿದ್ದಾರಲ್ಲೋ!" ಅಂದಳು. ನನ್ನ ಎದೆಯಲ್ಲಿ ಮೆಣಸಿನಕಾಯಿ ಘಾಟು ಎದ್ದಿತು. ಇಷ್ಟು ವರ್ಷ ನಾನು ಕೋತಿಯ ಹಾಗೆ ಕುಣಿದು, ಕಾಗೆಯ ಹಾಗೆ ಕೂಗಿ ನಗಿಸಿದ್ದೆ. ನಕ್ಕಾಗಲೂ ಅವರು ನೆಲ ನೋಡಿಕೊಂಡೇ ನಗುತ್ತಿದ್ದರು. ಒಂದು ಊರು, ಜೋಕೇ ಹೇಳದ ಊರು, ಬರೀ ಕಲ್ಲು ಸರಿಯಾಗಿ ಹಾಸಿ ಆ ತಲೆಯನ್ನು ಎತ್ತಿಸಿಬಿಟ್ಟಿತ್ತು. ಅವತ್ತು ಆ ಪಟ್ಟಿಯ ಮೇಲೆ ನನಗೆ ಬಂದಷ್ಟು ಕೋಪ ಯಾವ ಎಕ್ಸಾಮ್ ರಿಸಲ್ಟಿನ ಮೇಲೂ ಬಂದಿರಲಿಲ್ಲ.

ವಾಪಸು ಬಂದ ದಿನ ಆಂಟಿ ಟ್ಯಾಕ್ಸಿ ಇಳಿದು, ಹೊಸ ಅಭ್ಯಾಸದಂತೆ ತಲೆ ಎತ್ತಿಕೊಂಡು, ನಮ್ಮ ಬಾಲ್ಕನಿ ನೋಡುತ್ತಾ ಬಂದರು. ಗಡಕ್! ಗೇಟು ಕೈಗೆ ಸಿಕ್ಕಿತು, ಬೀಳಲಿಲ್ಲ ಅಷ್ಟೆ. ಮರುಕ್ಷಣ ಕತ್ತು ತನ್ನ ಹಳೇ ಜಾಗಕ್ಕೆ ಇಳಿಯಿತು. ಅದನ್ನು ನೋಡಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು ಅಂತ ಬರೆಯಲು ನಾಚಿಕೆ. ಆದರೂ ಆಯಿತು. ನನ್ನ ಆಂಟಿ ನನಗೆ ವಾಪಸು ಸಿಕ್ಕಿದ್ದರು.

ಆಂಟಿ ಈಗಿಲ್ಲ. ಹೋದ ವರ್ಷ ಮಲಗಿದ್ದಲ್ಲೇ ಹೋಗಿಬಿಟ್ಟರು. ಹೋಗುವ ಮುಂಚೆ ಸಾಕಷ್ಟು ಕಾಲ ನಮ್ಮ ಗೇಟಿನಿಂದ, ಬೀದಿಯಲ್ಲಿ ಹೂ ಮಾರುವ ಹೂವಮ್ಮನ ಗಾಡಿಯವರೆಗೆ ತಲೆ ಎತ್ತಿಕೊಂಡೇ ಓಡಾಡಿದರು. ಯಾಕೆಂದರೆ ನಮ್ಮ ಕಲ್ಲು ಗಾರೆಯಲ್ಲಿ ಭದ್ರವಾಗಿ ಕೂತಿತ್ತು. ಅದನ್ನು ನೋಡಿ ಪಕ್ಕದ ಮನೆಯವರಿಗೆ ಹೊಟ್ಟೆಕಿಚ್ಚಾಗಿ ಅವರೂ ತಮ್ಮ ಮುಂದಿನದನ್ನು ಸರಿಮಾಡಿಸಿದರು. ಅವರನ್ನು ನೋಡಿ ಕಂದು ಸ್ಯಾಂಡಲ್ಲಿನವರು. ಹೊಟ್ಟೆಕಿಚ್ಚಿಗೆ ಇಂಥ ಉಪಯೋಗವೂ ಇದೆ ಅಂತ ನಮ್ಮ ಬೀದಿಗೆ ಆಗಲೇ ಗೊತ್ತಾದದ್ದು. ಹೂವಮ್ಮನ ಗಾಡಿಯ ಆಚೆಗೆ ಮತ್ತೆ ಬೆಂಗಳೂರು. ಅಲ್ಲಿಂದ ಕೆರೆಯವರೆಗೆ ನಾನು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ, ಇಬ್ಬರ ಪಾಲಿನ ನೆಲವನ್ನೂ ನಾನೇ ನೋಡಿಕೊಂಡು. ಈಗ ಪಾರ್ಟಿಗಳಲ್ಲಿ ಮಕ್ಕಳು "ಅಂಕಲ್, ಯಾಕೆ ಬಗ್ಗಿ ನಡೀತೀರಾ? ಅದು ಯಾರ ಮಿಮಿಕ್ರಿ?" ಅಂತ ಕೇಳುತ್ತಾರೆ. ಅದು ಮಿಮಿಕ್ರಿಯೇ ಅಲ್ಲ.

ಕಲ್ಲು ಸರಿಯಾದದ್ದು ಅವರ ಒಂದೇ ಮಾತಿನಿಂದ. ಅದು ಅವರು ವಿಯೆನ್ನಾದಿಂದ ವಾಪಸು ಬಂದ ದಿನದ ಸಂಜೆಯೇ ಬಂದ ಮಾತು.

ಆ ಸಂಜೆ ಇಡೀ ಬೀದಿಯೇ ಆಂಟಿಯ ನಡುಮನೆಯಲ್ಲಿತ್ತು. ಅಮ್ಮ ಬಿಸಿಬೇಳೆ ಬಾತ್ ಇಳಿಸಿದ್ದಳು. ಹೂವಮ್ಮ "ಊರು ಬಿಟ್ಟು ಹೋಗ್ಬಿಟ್ರೆ ಯಾರಮ್ಮಾ ನನ್ ಹತ್ರ ಜಗಳ ಆಡೋರು" ಅನ್ನುತ್ತಾ ಮೊಳಗಟ್ಟಲೆ ಮಲ್ಲಿಗೆ ಸುರಿದಳು. ಒಬ್ಬರು ಕಾಫಿ ತಂದರು, ಇನ್ನೊಬ್ಬರು ಮಂಡಿಗೆ ಎಣ್ಣೆ ತಂದರು. ಇದೇ ಸಮಯ ಅಂತ ನಾನು ಎದ್ದುನಿಂತು, ಲೋಟವನ್ನು ಮೈಕಿನಂತೆ ಹಿಡಿದು, ವಾರ್ತೆಯ ದನಿ ತೆಗೆದೆ.

"ಈಗ ಬಂದ ಸುದ್ದಿ. ಫುಟ್‌ಪಾತಿನಲ್ಲಿ ವಿಯೆನ್ನಾ ಗೆದ್ದರೂ, ಪ್ರೀತಿ ವಿಶ್ವಾಸದಲ್ಲಿ ಹಲಸೂರಿಗೆ ವಿಶ್ವದಲ್ಲೇ ಪ್ರಥಮ ಸ್ಥಾನ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಆಂಟಿಯ ತೀರ್ಪಿಗೆ ಕಾದೆ. ಈ ಸಲ ಡಿಸ್ಟಿಂಕ್ಷನ್ನೇ ಅಂದುಕೊಂಡಿದ್ದೆ.

ಆಂಟಿ ಮಂಡಿ ಮೇಲೆ ಕೈಯಿಟ್ಟುಕೊಂಡು, ಕತ್ತೆತ್ತಿ, ಮೊದಲ ಸಲ ನನ್ನ ಕಾಲು ಬಿಟ್ಟು ಮುಖ ನೋಡಿದರು.

"ಅಷ್ಟೊಂದು ಪ್ರೀತಿ ಇರೋ ಜನಕ್ಕೆ ಒಂದು ಕಲ್ಲು ನೆಟ್ಟಗೆ ಕೂರಿಸೋಕೆ ಆಗಲ್ವೇನೋ?"