ಸೂಜಿಯಕ್ಕನ ಬಲಗೈ

ಅಂಗರಚನಾ ವಿಭಾಗದಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಮೃಗಾಲಯದಲ್ಲಿ ಸತ್ತ ಕೋತಿ, ಮುಸುವ, ಚಿಂಪಾಂಜಿಗಳ ದುಗ್ಧನಾಳಗಳಿಗೆ ನೀಲಿ ಬಣ್ಣ ತುಂಬುವುದು ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸ. ಮೈಯೊಳಗೆ ಸೋರಿದ ನೀರನ್ನೆಲ್ಲ ಬಳಿದು ಮತ್ತೆ ರಕ್ತಕ್ಕೆ ಸೇರಿಸುವ ಈ ನಾಳಗಳಿಗೆ ಬಣ್ಣವಿಲ್ಲ; ತುಂಬುವ ತನಕ ಅವು ಇವೆಯೆಂದೇ ಯಾರಿಗೂ ತಿಳಿಯದು. ಬೆರಳಸಂದಿಯಲ್ಲಿ ಸೂಜಿಯಿಟ್ಟು, ಹೆಬ್ಬೆರಳಿನಿಂದ ಮೇಲ್ಮುಖವಾಗಿ ನೀವುತ್ತ ಹೋದರೆ ನೀಲಿ ಎಳೆ ಏರುತ್ತಿತ್ತು. ನಾಳದ ಗೋಡೆ ಸೂಜಿಗೆ ಒಡ್ಡುವ ಚೂರು ಬಿಗಿ ಕಣ್ಣಿಗೆ ಕಾಣದು, ಬೆರಳಿಗೇ ತಿಳಿಯಬೇಕು.

ಹೋದ ವರ್ಷ ಎದೆಯ ಗಡ್ಡೆಯ ಜೊತೆಗೆ, ತೋಳಿನ ಈ ನಾಳಗಳೆಲ್ಲ ಹಾದುಹೋಗುವ ಬಲಗಂಕುಳಿನ ದುಗ್ಧಗ್ರಂಥಿಗಳನ್ನೂ ಅವಳಿಂದ ತೆಗೆದರು. ದಾರಿ ತಪ್ಪಿದ ನೀರು ನಿಂತು ಕೈ ಊದತೊಡಗಿತು.

"ಭಾರ ಎತ್ತಬೇಡಿ, ಬಟ್ಟೆ ಹಿಂಡಬೇಡಿ. ಮನೆಯವರ ಹತ್ರ ದಿನಾ ಎರಡು ಹೊತ್ತು ಕೈ ನೀವಿಸ್ಕೊಳ್ಳಿ," ಎಂದರು ಡಾಕ್ಟರು.

ಗಂಡ ಎರಡು ದಿನ ನೀವಿದ. ಮೂರನೆಯ ದಿನ, "ಕೋತಿಗಳಿಗೆ ನೀವಿ ನೀವಿ ಅಭ್ಯಾಸ ಇದ್ಯಲ್ಲ, ಎಡಗೈಲಿ ನೀನೇ ಮಾಡ್ಕೋಬಾರ್ದೇನೆ?" ಎಂದು ಪೇಪರು ಬಿಡಿಸಿದ. ಬಟ್ಟೆಯ ಬಕೆಟ್ಟು ಇದ್ದಲ್ಲೇ ಇತ್ತು. ಅವಳೇ ಹಿಂಡಿದಳು.

ಆಗ ವಿಭಾಗಕ್ಕೆ ದಕ್ಷಿಣ ಅಮೆರಿಕದ ಸಣ್ಣ ಕೋತಿಯೊಂದು ಬಂತು. ಮನುಷ್ಯರಲ್ಲಿ ಈ ನಾಳಗಳ ನೀರು ರಕ್ತಕ್ಕೆ ಸೇರುವುದು ಕತ್ತಿನ ಬುಡದಲ್ಲಿ. ಈ ಕೋತಿಗೆ ಮೂತ್ರಪಿಂಡದ ಬಳಿ ಇನ್ನೊಂದು ದಾರಿಯೂ ಉಂಟು. ಅದನ್ನು ನೀಲಿ ತುಂಬಿ ತೋರಿಸಬೇಕಿತ್ತು.

"ಇದೊಂದು ಚೆನ್ನಾಗಿ ಬಂದ್ರೆ ಸೂಜಿ ನಿಮ್ಮ ಹತ್ರಾನೇ ಇರುತ್ತೆ. ಇಲ್ಲಾಂದ್ರೆ ಬೇರೆ ಏನಾದ್ರೂ ನೋಡೋಣ," ಎಂದಿದ್ದರು ಮುಖ್ಯಸ್ಥರು.

"ಪುಣ್ಯವಂತೆ, ನಿಂಗೆ ಹಿತ್ತಲ ಬಾಗಿಲೂ ಇದೆ," ಎಂದಳು ಅವಳು ಕೋತಿಗೆ.

ಆ ಬೆಳಿಗ್ಗೆ ಎರಡು ಹೊದಿಕೆ ಹಿಂಡಿ ಬಂದಿದ್ದಳು. ಬೆರಳು ಮಡಚಲೂ ಆಗುತ್ತಿರಲಿಲ್ಲ. ಕಾಲಿನ ಬೆರಳಸಂದಿಗೆ ಸೂಜಿಯಿಟ್ಟಳು. ಬಿಗಿ ಸಿಗಲಿಲ್ಲ. ಸಿಕ್ಕಿತೆಂದುಕೊಂಡು ಒತ್ತಿದಳು. ಸೂಜಿ ನಾಳದ ಆಚೆಯ ಗೋಡೆಯನ್ನೂ ದಾಟಿತ್ತು. ನೀಲಿ ಎಳೆಯಾಗಿ ಏರದೆ ಪಾದದ ತುಂಬ ಹರಡಿಕೊಂಡಿತು. ಇನ್ನೊಂದು ಕಾಲಿನದೂ ಅದೇ ಪಾಡು.

ಮುಖ್ಯಸ್ಥರು ಗದರಲಿಲ್ಲ. "ಸೋಮವಾರದಿಂದ ಜಾಡಿ ತೊಳೆಯೋ ಕೋಣೆಗೆ ಹೋಗಿ. ಮನೇಲಿ ಮಾಡಿ ಅಭ್ಯಾಸ ಇರೋದೇ ತಾನೇ."

"ಜಾಡಿ ಭಾರ ಇರುತ್ತೆ ಸರ್."

"ಎರಡೂ ಕೈಲಿ ಎತ್ಕೊಳ್ಳಿ."

"ಒಳ್ಳೇದಾಯ್ತು ಬಿಡು, ಕಣ್ಣಿಗಾದ್ರೂ ರೆಸ್ಟು," ಎಂದ ಗಂಡ, ಸಂಜೆ ಸುದ್ದಿ ಕೇಳಿ.

ಬಚ್ಚಲ ಕಟ್ಟೆಯ ಮೇಲೆ ಕೂತು ಅವಳು ಎಡ ಹೆಬ್ಬೆರಳಿನಿಂದ ಬಲ ಮಣಿಕಟ್ಟನ್ನು ಮೇಲಕ್ಕೆ ನೀವಿದಳು, ಕೋತಿಗಳಿಗೆ ನೀವಿದಷ್ಟೇ ನಾಜೂಕಾಗಿ. ಒತ್ತಿದಲ್ಲಿ ಬಿದ್ದ ಗುಳಿ ಹಾಗೇ ಉಳಿಯಿತು. ನೀರು ಮೇಲೇರಿದರೂ ಕಂಕುಳಲ್ಲಿ ದಾರಿಯಿಲ್ಲವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಒರೆಸಿಕೊಂಡು, ಬಕೆಟ್ಟಿನಿಂದ ಗಂಡನ ಅಂಗಿ ಎತ್ತಿ ಹಿಂಡತೊಡಗಿದಳು.