ಬೀರುವಿನಲ್ಲಿಟ್ಟ ಬೀಕರು

ನಾಗಪುರದ ಕನ್ನಡಿಗರು ಸೇರಿದಲ್ಲೆಲ್ಲ ಒಂದು ಕಥೆ ಓಡಾಡುತ್ತದೆ. ನಮ್ಮವರೇ ಆದ ಪ್ರಾಧ್ಯಾಪಕರೊಬ್ಬರು ಒಂದು ಹಿಡಿ ಮಣ್ಣು ಮತ್ತು ಬಿಸಿಲಿನಿಂದ ಬಣ್ಣದ ಕೊಳಕು ನೀರನ್ನು ತಿಳಿಯಾಗಿಸಿದರಂತೆ. ರಾಜ್ಯೋತ್ಸವದಲ್ಲಿ ಶಾಲು ಹೊದಿಸುವಾಗಲೂ ಇದೇ ಮಾತು, ಅದೇ ಚಪ್ಪಾಳೆ. ನೀರು ತಿಳಿಯಾಯಿತು, ಒಪ್ಪಿದೆ. ಅದರಲ್ಲಿದ್ದ ಬಣ್ಣ ಏನಾಯಿತು? ಅಷ್ಟು ಜನರಲ್ಲಿ ಒಬ್ಬರೂ ಕೇಳುವುದಿಲ್ಲ. ನಾನು ಕೇಳಿದ್ದೆ. ಎಂ.ಎಸ್ಸಿ.ಯಲ್ಲಿ ಅವರ ಕೈಕೆಳಗೇ ಪ್ರಾಜೆಕ್ಟ್ ಮಾಡಿದವಳು ನಾನು.

ಎದುರಾಳಿಯ ವಾದವನ್ನು ಅದರ ಅತಿ ಬಲವಾದ ರೂಪದಲ್ಲಿ ಮೊದಲು ನೀನೇ ಹೇಳು ಎಂದು ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದಾರೆ. ಹೇಳುತ್ತೇನೆ. ಸರ್ ಹಾಕುತ್ತಿದ್ದ ಆ ಹಿಡಿ ಮಣ್ಣು ಎಂದರೆ ಜೇಡಿಮಣ್ಣಿನ ಪದರಗಳ ನಡುವೆ ಟೈಟಾನಿಯಂ ಡೈಆಕ್ಸೈಡ್ ಕೂರಿಸಿದ ಪುಡಿ. ಬಿಸಿಲು ಬಿದ್ದರೆ ಆ ಟೈಟಾನಿಯಂ ಬಣ್ಣದ ಅಣುಗಳನ್ನು ನಿಧಾನವಾಗಿ ಒಡೆಯುತ್ತದೆ. ಇದು ಸುಳ್ಳಲ್ಲ. ಆದರೆ ಜೇಡಿಮಣ್ಣಿಗೆ ಇನ್ನೊಂದು ಗುಣವಿದೆ. ಬೆಳಕೇ ಇಲ್ಲದಿದ್ದರೂ ಅದು ಬಣ್ಣವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಪುಡಿ ಬೆರೆಸಿದ ನೀರನ್ನು ಮೊದಲು ಕತ್ತಲಲ್ಲಿಡಬೇಕು. ಮಣ್ಣು ಹೀರುವುದನ್ನೆಲ್ಲ ಹೀರಿ ಮುಗಿಸಿದ ಮೇಲೆ ಬೆಳಕಿಗೆ ತಂದು, ಆಗ ಎಷ್ಟು ಒಡೆಯುತ್ತದೆ ನೋಡಬೇಕು.

ನಮ್ಮಲ್ಲಿ ಆ ಕತ್ತಲೇ ಇರಲಿಲ್ಲ. ಬೇರೆ ಕಡೆಯವರು ದೀಪದ ಪೆಟ್ಟಿಗೆ ಕಟ್ಟಿಕೊಂಡು, ಸ್ವಿಚ್ ಒತ್ತುವ ಮುನ್ನ ಕಾಯುತ್ತಾರೆ. ನಮಗೇಕೆ ದೀಪ? ಮೇ ತಿಂಗಳ ತಾರಸಿ ಇದೆಯಲ್ಲ! ಪುಡಿ ಬೆರೆಸುತ್ತಿದ್ದದ್ದೇ ಬಿಸಿಲಲ್ಲಿ. ನೀಲಿ ನೀರು ಕಣ್ಣೆದುರೇ ತಿಳಿಯಾಗುತ್ತಿತ್ತು, ಎಲ್ಲರೂ ಸೂರ್ಯನಿಗೆ ಶಭಾಷ್ ಅನ್ನುತ್ತಿದ್ದರು. ನೆತ್ತಿ ಸುಡುತ್ತ ನಿಂತವರಿಗೆ ಬಿಸಿಲಿನ ಮೇಲೆಯೇ ಅನುಮಾನ ಬರುವುದಾದರೂ ಹೇಗೆ?

ನೀಲಿ ನೀರಿಗೆ ಪುಡಿ ಬೆರೆಸಿದ ಒಂದು ಬೀಕರನ್ನು ನಾನು ಪ್ರಯೋಗಾಲಯದ ಕಬ್ಬಿಣದ ಬೀರುವಿನಲ್ಲಿಟ್ಟು ಬಾಗಿಲು ಹಾಕಿದೆ. ಊಟ ಮುಗಿಸಿ ಬಂದು ನೋಡಿದರೆ ಅದೂ ತಿಳಿ. ತಳದಲ್ಲಿ ನೀಲಿ ಮಣ್ಣು. ಮಣ್ಣು ಹಿಡಿದಿಟ್ಟ ಬಣ್ಣವನ್ನು ಉಪ್ಪು ಬಿಡಿಸುತ್ತದೆ; ಆ ಮಣ್ಣನ್ನೂ ತಾರಸಿಯ ಮಣ್ಣನ್ನೂ ಉಪ್ಪುನೀರಿನಲ್ಲಿ ಕಲಕಿದೆ. ಎರಡೂ ನೀಲಿ ಬಿಟ್ಟವು.

ಎರಡೂ ಬೀಕರುಗಳನ್ನು ಸರ್ ಮೇಜಿನ ಮೇಲಿಟ್ಟು, ಬೀರುವಿನದನ್ನು ಮುಂದೆ ಸರಿಸಿದೆ. ಬೇರೆಯವರೊಂದಿಗೆ ಹಿಂದಿ, ಮರಾಠಿ ಆಡುವ ಸರ್, ನನ್ನೊಂದಿಗೆ ಮಾತ್ರ ಊರಿನ ಕನ್ನಡ ಆಡುತ್ತಿದ್ದರು.

"ಸರ್, ಇದು ಬಿಸಿಲ ಕಂಡಿಲ್ರಿ."

"ಏನವಾ, ಮತ್ತ ಡಿಬೇಟ್ ಚಾಲೂ ಮಾಡಿದಿ? ಬಣ್ಣ ಹೋತೋ ಇಲ್ಲೋ?"

"ನೀರಿಂದ ಹೋತ್ರಿ. ಮಣ್ಣಾಗ ಕುಂತೈತಿ."

"ಕುಂತರ ಕುಂದರ್ಲಿ ಬಿಡು. ನೀರು ಬರೋಬರ್ ಆತಲ್ಲ?"

"ಆ ಮಣ್ಣು ಎಲ್ಲಿ ಚೆಲ್ಲೂದ್ರಿ?"

"ನಿನ್ನ ತಲೀ ಮ್ಯಾಲೆ!" ಎಂದು ನಕ್ಕರು. "ಮಹಾಲ್‌ಗೆ ಹೋಗೂದೈತಿ, ಜಲ್ದಿ ಪುಡಿ ತಯಾರ್ ಮಾಡು."

ನಾಗಪುರದ ಹಳೇಪೇಟೆ ಮಹಾಲ್‌ನಲ್ಲಿ, ನಡುವೆ ಅಂಗಳವಿದ್ದ ಹಳೆಯ ವಾಡೆಯೊಂದರಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ದಂಪತಿ ಇದ್ದರು. ಅಂಗಳದಲ್ಲಿ ಬಣ್ಣದ ಹಂಡೆಗಳು, ಪಕ್ಕದಲ್ಲೇ ಬಾವಿ. ನಲ್ಲಿ ಕೈಕೊಟ್ಟ ದಿನ ಕುಡಿಯುವುದಕ್ಕೂ ಅದೇ ನೀರು. ಸರ್ ಅಲ್ಲೇ ಪುಡಿ ಕಲಕಿ ತೋರಿಸಿದರು. ಹಂಡೆಯ ಕಡುಗುಲಾಬಿ ರಾಣಿ ಬಣ್ಣ ಮಾಯವಾಯಿತು. ಉಳಿದ ಕೆಸರನ್ನು ಏನು ಮಾಡುವುದೆಂದು ಮನೆಯಾಕೆ ಮರಾಠಿಯಲ್ಲಿ ಕೇಳಿದರು.

"ಮಣ್ಣೇ ತಾನೆ, ಎಲ್ಲಾದರೂ ಹಾಕಿ" ಎಂದು ಸರ್ ಮರಾಠಿಯಲ್ಲೇ ಹೇಳಿದರು.

"ಬಾವಿಯ ಹತ್ತಿರ ಮಾತ್ರ ಬೇಡ, ಬಣ್ಣ ಅದರಲ್ಲೇ ಇದೆ" ಎಂದೆ ನಾನು.

ಆಕೆಯ ಗಂಡ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್ ದೊಡ್ಡವರೋ ನೀನು ದೊಡ್ಡವಳೋ?" ಎಂದರು. ಎಲ್ಲರೂ ನಕ್ಕರು. ಯಾವ ಸ್ಪರ್ಧೆಯಲ್ಲೂ ನಾನು ಇಷ್ಟು ಅಗ್ಗವಾಗಿ ಸೋತಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಆಕೆ ಫೋನ್ ಮಾಡಿ, ಒಮ್ಮೆ ಬಂದು ಹೋಗು ಎಂದರು. ಸ್ಕೂಟರ್ ಹಾಕಿಕೊಂಡು ಹೋದೆ. ಕೆಸರೆಲ್ಲ ಬಾವಿಕಟ್ಟೆಗೆ ಒತ್ತಿ ಗುಡ್ಡೆಯಾಗಿ ಬಿದ್ದಿತ್ತು. ನೂಲಿಗೆ ಬಣ್ಣ ಹಿಡಿಯಲೆಂದು ಉಪ್ಪು ಹಾಕಿದ್ದ ಹಂಡೆಗಳ ನೀರನ್ನು ಅದರ ಮೇಲೆಯೇ ಚೆಲ್ಲಿದ್ದರು, ಮಿಕ್ಕಿದ್ದನ್ನು ಮಳೆ ಮಾಡಿತ್ತು. ಸೇದಿಟ್ಟ ಬಕೆಟ್ಟಿನಲ್ಲಿ ತೆಳುವಾಗಿ ರಾಣಿ ಬಣ್ಣ.

ಆಕೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಗಂಡ ನಮ್ಮ ಪುಡಿಯ ಚೀಲವನ್ನೇ ಎತ್ತಿಕೊಂಡು ಬಾವಿಕಟ್ಟೆಯ ಬಳಿ ನಿಂತಿದ್ದರು. ಪುಡಿ ಹಾಕಿದರೆ ಬಣ್ಣ ಹೋಗುತ್ತದೆ ಎಂದು ಸರ್ ತೋರಿಸಿದ್ದಾರಲ್ಲ! ಬಾವಿಗೇ ಸುರಿದುಬಿಟ್ಟರೆ ನಾಳೆಗೆ ತಿಳಿಯಾಗುತ್ತದೆ, ನಲ್ಲಿ ಬರುವವರೆಗೆ ಅದನ್ನೇ ಕುಡಿಯಬಹುದು, ಎಷ್ಟು ಪುಡಿ ಹಾಕಲಿ ಎಂದು ಕೇಳಲು ನನ್ನನ್ನು ಕರೆಸಿದ್ದರು. ತಿಳಿಯಾಗುತ್ತದೆ ಎಂಬುದೇ ನನ್ನ ಹೆದರಿಕೆಯಾಗಿತ್ತು.

"ಹಾಕಬೇಡಿ, ಕುಡಿಯಬೇಡಿ" ಎಂದೆ.

"ಸರ್ ಹೇಳಲಿ" ಎಂದರು ಅವರು, ಚೀಲ ಇಳಿಸದೆ.

ಅಲ್ಲೇ ನಿಂತು ಸರ್‌ಗೆ ಫೋನ್ ಹಚ್ಚಿದೆ. "ಏನವಾ?" ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಫೋನನ್ನು ದಂಪತಿಯ ಕಡೆ ಹಿಡಿದೆ.

"ಸರ್, ಫೋನ್ ಸ್ಪೀಕರ್ ಮ್ಯಾಲೈತ್ರಿ, ಇಬ್ಬರೂ ಕೇಳಾಕತ್ತಾರ. ನನ್ನ ಮಾತು ಇವರು ನಂಬೂದಿಲ್ಲ. ಮರಾಠಿಯೊಳಗ ನೀವ ಹೇಳ್ರಿ. ಪುಡಿ ಹಾಕಿದ ಮ್ಯಾಲೆ ಈ ನೀರು ಕುಡೀಬೌದೋ, ಇಲ್ಲೋ?"