ಎನೋಸನ ಕಯಾಕಿನ ಹೊಲಿಗೆ

ಗಂಡ ಸತ್ತ ದಿನದಿಂದ ಬಿಬಿಯಾನೆ ಕಯಾಕ್ ಸಂಘದ ಒಬ್ಬನನ್ನೂ ಹೊಸಿಲು ದಾಟಗೊಡಲಿಲ್ಲ.

ಗ್ರೀನ್‌ಲ್ಯಾಂಡಿನ ಆ ಊರಿನ ಸಂಘದಲ್ಲಿ ಹದಿನೆಂಟು ಜನ. ಕಯಾಕ್ ಅಂದರೆ ಒಬ್ಬನೇ ಸೊಂಟದವರೆಗೆ ಇಳಿದು ಕೂರುವ ಕಿರುದೋಣಿ. ಅದರ ಮರದ ಗೂಡನ್ನು ಗಂಡಸರು ಕಟ್ಟುತ್ತಾರೆ. ಅದಕ್ಕೆ ಸೀಲ್ ಪ್ರಾಣಿಯ ತೊಗಲು ಹೊಲಿಯುವುದು ಹೆಂಗಸರ ಕೆಲಸ. ಹಸಿ ತೊಗಲನ್ನು ಬಿಗಿಯಾಗಿ ಎಳೆದು, ಸೂಜಿ ಆಚೆ ತೂರದ ಹಾಗೆ ಅರ್ಧ ದಪ್ಪದಲ್ಲೇ ಹೊಲಿಗೆ ಓಡಿಸಬೇಕು. ತೂರಿತೋ, ನೀರು ಒಳಗೆ. ಬಿಬಿಯಾನೆ ಶಾಲೆಗೆ ಹೆಚ್ಚು ಹೋದವಳಲ್ಲ. ಅವ್ವ ಕಲಿಸಿದ್ದು ಇದೊಂದನ್ನು. ಈಗ ಊರಲ್ಲಿ ಅದು ಬರುವುದು ಅವಳೊಬ್ಬಳಿಗೇ.

ಗಂಡ ಎನೋಸನಿಗೆ ಒಂದು ಚಾಳಿ. ಸಂಘದವರು ಗುಂಪಾಗಿ ಹೊರಟಾಗ ಬೇಕೆಂದೇ ಕಯಾಕ್ ಮಗುಚಿಕೊಂಡು ನೀರೊಳಗೆ ತಲೆಕೆಳಗಾಗಿ ತೂಗುತ್ತಿದ್ದ. ಉಳಿದವರು ಜೋರಾಗಿ ಎಣಿಸುತ್ತಿದ್ದರು. ಎಂಬತ್ತಕ್ಕೋ ತೊಂಬತ್ತಕ್ಕೋ ಹುಟ್ಟು ಬೀಸಿ ಮೇಲೆದ್ದು, ಮೂಗೊರೆಸಿಕೊಂಡು ನಗುತ್ತಿದ್ದ. ಹೋದ ಆಗಸ್ಟಿನಲ್ಲಿ, ಗುಡ್ಡದ ಕರಿಹಣ್ಣು ಕೀಳಲು ಹೋದ ದಿನ, ಹಾಗೇ ಮಗುಚಿದ. ಅವರು ಎಣಿಸಿದರು. ಅವನ ಎದೆಬಡಿತ ನೀರೊಳಗೇ ನಿಂತುಹೋಗಿತ್ತು.

"ಥಟ್ಟನೆ ಹೋಗ್ಬಿಟ್ಟ, ಏನೂ ಮಾಡೋಕಾಗ್ಲಿಲ್ಲ" ಅಂದ ಸಂಘದ ಮುಖ್ಯಸ್ಥ ಗಾಬ. ಎಣಿಸಿದ ಸುದ್ದಿ ಎತ್ತಲಿಲ್ಲ. ಅದು ಅವಳ ಕಿವಿಗೆ ಬಿದ್ದದ್ದು ಅಂಗಡಿಯಲ್ಲಿ. ಎಷ್ಟರ ತನಕ ಎಣಿಸಿದರು ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಡಲಿಲ್ಲ. ಅವಳಿಗೆ ಬೇಕಿದ್ದುದು ಅದೊಂದೇ.

ಚಳಿಗಾಲದಲ್ಲಿ ಸಂಘದವರು ಹಗ್ಗಕ್ಕೆ ಜೋತುಬಿದ್ದು ಮೈ ಪಳಗಿಸುತ್ತಿದ್ದರು. ಅವರ ಗದ್ದಲ ಮನೆಯವರೆಗೂ ಕೇಳುತ್ತಿತ್ತು. ಬಿಬಿಯಾನೆ ಕಿಟಕಿಗೆ ಕಂಬಳಿ ಜಡಿದಳು.

ಮೇ ತಿಂಗಳಲ್ಲಿ ಮಂಜುಗಡ್ಡೆ ಒಡೆಯಿತು. ವರ್ಷದ ಮೊದಲ ತಿರುಗಾಟ. ಗಾಬನ ಕಯಾಕಿನ ತೊಗಲು ಹರಿದಿತ್ತು. ಕೇಕ್ ಹಿಡಿದು ಬಂದ.

"ಅಕ್ಕಾ, ಒಂದು ಗೇಣು ಹೊಲಿಗೆ ಅಷ್ಟೇ."

"ಎಷ್ಟಕ್ಕೆ ನಿಲ್ಲಿಸಿದ್ರಿ?"

"ಏನನ್ನ?"

"ನಿನಗೆ ಗೊತ್ತು. ಕೇಕ್ ನಾಯಿಗೆ ಹಾಕು."

ಜೂನಿನಲ್ಲಿ ಸಣ್ಣಮೀನು ದಡಕ್ಕೆ ಬಂದಾಗ ಗಾಬ ತೊಗಲಿನ ಬದಲು ಕಾನ್ವಾಸ್ ಬಟ್ಟೆ ಬಿಗಿದ ಕಯಾಕಿನಲ್ಲಿ ಹೊರಟ. ಬಂಡೆಯ ಮೇಲೆ ಮೀನು ಒಣಹಾಕುತ್ತಿದ್ದ ಬಿಬಿಯಾನೆ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ಡೇರೆ ಬಟ್ಟೆ ಉಟ್ಕೊಂಡು ಹೊರಟ ನೋಡ್ರೋ ಗಂಡಸು!"

ಮತ್ತೆ ಆಗಸ್ಟ್ ಬಂತು. ಸಂಘದವರೆಲ್ಲ ಅವಳ ಬಾಗಿಲಲ್ಲಿ ನಿಂತರು.

"ಅಕ್ಕಾ, ನಾಡಿದ್ದು ಹಣ್ಣಿಗೆ ಹೊರಡ್ತೀವಿ. ಎನೋಸನ ಕಯಾಕ್ ಕೊಡು. ಅವನ ನೆನಪಿಗೆ ನಾನು ಕೂತು ಬರ್ತೀನಿ" ಅಂದ ಗಾಬ.

"ಅದು ಅವನ ಸೊಂಟದ ಅಳತೆ. ನಿನ್ನ ಕುಂಡೆ ಹಿಡಿಸಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಗಾಬ ನಗಲಿಲ್ಲ. ಟೋಪಿ ತೆಗೆದು ಹಿಂಡಿದ.

"ನೂರ ನಲವತ್ತು" ಅಂದ. "ನಾನೇ ಎಣಿಸ್ತಿದ್ದೆ. ನೂರು ದಾಟಿದಾಗ ಹುಟ್ಟಿನಿಂದ ನೀರು ಬಡಿದು ಕೇಕೆ ಹಾಕಿದ್ವಿ. ಭಲೇ ಅಂತ."

ಬಿಬಿಯಾನೆ ಅವನ ಮುಖವನ್ನೇ ನೋಡಿದಳು. ಅವನೇ ಕಣ್ಣು ಕೆಳಗೆ ಹಾಕಿದ.

"ನಾಡಿದ್ದು ಬೆಳಿಗ್ಗೆ ಬಾ. ಕೊಡ್ತೀನಿ."

ಎರಡು ದಿನ ಹೊಲಿದಳು. ಅವರು ಬಂದಾಗ ಕಯಾಕ್ ಅಂಗಳದಲ್ಲಿತ್ತು. ಕೂರುವ ಬಾಯಿಗೆ ತೊಗಲು ಎಳೆದು, ಸುತ್ತಲೂ ಎರಡೆರಡು ಸಾಲು ಹೊಲಿದು ಮುಚ್ಚಿದ್ದಳು. ಒಂದು ಸೂಜಿತೂತೂ ಕಾಣುತ್ತಿರಲಿಲ್ಲ.

"ಇದರಲ್ಲಿ ಕೂರೋದು ಹೇಗಕ್ಕಾ?"

"ಕೂರೋದಲ್ಲ. ಹಗ್ಗ ಕಟ್ಟಿ ಎಳ್ಕೊಂಡು ಹೋಗಿ. ಅದೇ ಜಾಗದಲ್ಲಿ ಮಗುಚಿ ಹಾಕಿ. ನೂರ ನಲವತ್ತು ಎಣಿಸಿ. ಈ ಸಲ ಕೇಕೆ ಬೇಡ."

ಬಾಗಿಲು ಹಾಕಿಕೊಂಡಳು.